ಹಡಗು ಹತ್ತುವ ಮುನ್ನ ವೆನಿಸಿನಲ್ಲಿ

ಸಮುದ್ರಯಾನಕ್ಕೆ ಹೊರಟವರು ಹಡಗಿನ ವಿಷಯವಾಗಿ ಮಾಡುವಷ್ಟು ವಿಚಾರಣೆಯನ್ನು, ಹಡಗು ಹತ್ತುವ ಮೊದಲು ತಂಗಬೇಕಾದ ಮನೆಯ ವಿಷಯವಾಗಿ ಮಾಡುವುದಿಲ್ಲ. ಏಳು ರಾತ್ರಿ ನೀರಿನ ಮೇಲೆ ಕಳೆಯುವವರಿಗೆ ದಡದ ಮೇಲಿನ ಎರಡು ರಾತ್ರಿ ಯಾವ ಲೆಕ್ಕ ಎಂದು ನಾನೂ ಒಮ್ಮೆ ಭಾವಿಸಿದ್ದೆ. ಆ ಭಾವನೆಯ ಬೆಲೆಯನ್ನು ತೆತ್ತವನು ನಾನಲ್ಲ, ನನ್ನ ಪತ್ನಿ. 2018ರ ಬೇಸಿಗೆಯಲ್ಲಿ ನಾವು ಇಟಲಿಯ ವೆನಿಸ್ ನಗರದಿಂದ ಹಡಗು ಹಿಡಿಯುವವರಿದ್ದೆವು. ಆಕೆಯ ಬಲಮೊಣಕಾಲು ಆ ವೇಳೆಗಾಗಲೇ ಮುನಿಸಿಕೊಂಡಿತ್ತು. ಹೋಟೆಲನ್ನು ಆರಿಸಿದವನು ನಾನು.

ಶ್ರೋತೃಗಳೇ, ವೆನಿಸ್ ಕಾಲುವೆಗಳ ಊರೆಂಬುದನ್ನು ಎಲ್ಲರೂ ಬಲ್ಲರು. ಅದು ಮೆಟ್ಟಿಲುಗಳ ಊರೆಂಬುದು ಮಾತ್ರ ಚಿತ್ರಪಟಗಳಲ್ಲಿ ಕಾಣುವುದಿಲ್ಲ. 1846ರಲ್ಲಿ ಕಟ್ಟಿದ ರೈಲು ಸೇತುವೆ ಮತ್ತು 1933ರಲ್ಲಿ ಅದರ ಪಕ್ಕದಲ್ಲಿ ಕಟ್ಟಿದ ರಸ್ತೆ ಸೇತುವೆ, ಇವೆರಡೂ ನಗರದ ಅಂಚನ್ನು ಮುಟ್ಟಿ ನಿಂತುಬಿಡುತ್ತವೆ. ಬಸ್ಸು, ಕಾರು ಎಲ್ಲವೂ ಪಿಯಾತ್ಸಾಲೆ ರೋಮಾ ಎಂಬ ಚೌಕದವರೆಗೆ ಮಾತ್ರ. ಅಲ್ಲಿಂದ ಮುಂದೆ ಕಾಲುಗಳುಂಟು, ದೋಣಿಯುಂಟು. ನೂರಕ್ಕೂ ಮಿಕ್ಕಿದ ಸಣ್ಣ ದ್ವೀಪಗಳನ್ನು 400ಕ್ಕೂ ಮಿಕ್ಕಿದ ಸೇತುವೆಗಳು ಹೊಲಿದು ಒಂದು ಊರಾಗಿಸಿವೆ. ಈ ಸೇತುವೆಗಳಾದರೋ ನಮ್ಮ ನದಿಗಳ ಮೇಲಿನ ಸೇತುವೆಗಳಂತೆ ಸಮತಟ್ಟಾದುವಲ್ಲ. ಕೆಳಗೆ ದೋಣಿ ಹಾಯಬೇಕಾದ್ದರಿಂದ ಬಿಲ್ಲಿನಂತೆ ಬಾಗಿವೆ. ಹೆಚ್ಚಿನವಕ್ಕೆ ಎರಡು ಕಡೆಗೂ ಕಲ್ಲಿನ ಮೆಟ್ಟಿಲು.

ನಾನು ಆರಿಸಿದ ಹೋಟೆಲು, ರೈಲು ನಿಲ್ದಾಣದಿಂದ ಕಾಲ್ನಡಿಗೆಯಲ್ಲಿ ಹತ್ತು ನಿಮಿಷ ಎಂದು ತನ್ನನ್ನು ಪರಿಚಯಿಸಿಕೊಂಡಿತ್ತು. ಅದು ಸುಳ್ಳೆಂದು ಹೇಳಲಾರೆ. ನಡುವೆ ಮೂರು ಸೇತುವೆಗಳಿವೆ ಎಂಬುದನ್ನು ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಇಪ್ಪತ್ತಮೂರು ಕಿಲೋ ತೂಗುವ ಎರಡು ಪೆಟ್ಟಿಗೆಗಳನ್ನು ನಾನು ಒಂದೊಂದಾಗಿ ಸೇತುವೆ ದಾಟಿಸಿ, ಮತ್ತೆ ಹಿಂದಿರುಗಿ ಆಕೆಯ ಕೈಹಿಡಿದು ಕರೆತರುವಷ್ಟರಲ್ಲಿ ಹತ್ತು ನಿಮಿಷ ಐವತ್ತು ನಿಮಿಷವಾಯಿತು. ಕೋಣೆ ಎರಡನೆಯ ಮಹಡಿಯಲ್ಲಿತ್ತು. ಅಲ್ಲಿನ ಹಳೆಯ ಮನೆಗಳಲ್ಲಿ ನೆಲದಂತಸ್ತಿಗೂ ಮೊದಲ ಮಹಡಿಗೂ ನಡುವೆ ಒಂದು ಗಿಡ್ಡ ಅಂತಸ್ತು ಇರುವುದುಂಟು. ಹಿಂದೆ ವರ್ತಕರು ಲೆಕ್ಕಪತ್ರ ಇಡುತ್ತಿದ್ದ ಜಾಗ. ಅದು ಎಣಿಕೆಗೆ ಬರುವುದಿಲ್ಲ, ಆದರೆ ಮೊಣಕಾಲಿಗೆ ಬರುತ್ತದೆ. ಐವತ್ತೆಂಟು ಮೆಟ್ಟಿಲು, ಲಿಫ್ಟ್ ಇಲ್ಲ.

ಕಾಲುವೆಯ ಕಡೆಗೆ ಕಿಟಕಿಯುಳ್ಳ ಕೋಣೆಯೇ ಬೇಕೆಂದು ಹೆಚ್ಚು ಹಣ ಕೊಟ್ಟಿದ್ದೆ. ದೂರದ ಬೆಟ್ಟ ನುಣ್ಣಗೆ ಎಂಬ ಮಾತು ಕಾಲುವೆಗೂ ಸಲ್ಲುತ್ತದೆ. ಸಂಜೆ ಒಂದರ ಹಿಂದೊಂದು ಗೊಂಡೋಲಗಳು, ಕೆಲವದರಲ್ಲಿ ಅಕಾರ್ಡಿಯನ್ ನುಡಿಸುವವನೂ ಹಾಡುವವನೂ. ರಾತ್ರಿ ದಂಡೆಯ ಮೇಲೆ ಮಾತನಾಡುವವರ ದನಿ ನೀರಿನ ಮೇಲೆ ಜಾರಿ, ಎದುರು ಗೋಡೆಗೆ ಬಡಿದು, ನಮ್ಮ ದಿಂಬಿನ ಬಳಿಗೇ ಬರುತ್ತಿತ್ತು. ಬೆಳಗಿನ ಜಾವಕ್ಕೆ ಸರಕಿನ ದೋಣಿಗಳು ಆರಂಭವಾದವು. ಲಾರಿಯಿಲ್ಲದ ಊರಿನಲ್ಲಿ ತರಕಾರಿ, ಬಿಯರಿನ ಪೆಟ್ಟಿಗೆ, ಹೋಟೆಲುಗಳ ಒಗೆದ ಹಾಸು, ಮನೆಗಳ ಕಸ, ಎಲ್ಲವೂ ಸಾಗುವುದು ಕಾಲುವೆಯಲ್ಲೇ. ನಾವು ಯಾವುದನ್ನು ಸುಂದರ ನೋಟವೆಂದು ಕೊಂಡೆವೋ ಅದು ಆ ಊರಿನ ಹೆದ್ದಾರಿ. ನಮ್ಮ ಮಾರುಕಟ್ಟೆಯ ರಸ್ತೆಯ ಮೇಲೆ ಕೋಣೆ ಹಿಡಿದು ನಿದ್ದೆ ಬರಲಿಲ್ಲವೆಂದು ದೂರಿದರೆ ಯಾರಾದರೂ ಮರುಗುವರೆ?

ಎರಡನೆಯ ದಿನ ಆಕೆಯ ಮೊಣಕಾಲು ಊದಿಕೊಂಡಿತು. ಹಡಗು ದುಬ್ರೋವ್ನಿಕ್ ಬಂದರನ್ನು ಮುಟ್ಟಿದಾಗ, ವರ್ಷಗಳಿಂದ ನೋಡಬೇಕೆಂದಿದ್ದ ಅಲ್ಲಿಯ ಕೋಟೆಯನ್ನು ನಾನೊಬ್ಬನೇ ನೋಡಿ ಬಂದೆ. ಆಕೆ ಕಾಲನ್ನು ದಿಂಬಿನ ಮೇಲಿಟ್ಟು ಕೋಣೆಯಲ್ಲಿ ಮಲಗಿದ್ದಳು. ಒಂದು ಮಾತನ್ನೂ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು.

ಆ ಯಾತ್ರೆಯಲ್ಲಿ ಇನ್ನೊಂದನ್ನು ಕಂಡೆವು. ಅಂದು ದೊಡ್ಡ ಹಡಗುಗಳು ಜಿಯುಡೆಕ್ಕಾ ಕಾಲುವೆಯ ಮೂಲಕ, ಸಾನ್ ಮಾರ್ಕೊ ಚೌಕದ ಎದುರಿನಿಂದಲೇ ಸಾಗುತ್ತಿದ್ದವು. ಹಡಗಿನ ಮೇಲ್ಮಾಳಿಗೆ ಊರಿನ ಮನೆಗಳಿಗಿಂತ ಎತ್ತರ. ಹೆಂಚಿನ ಮಾಡುಗಳು, ಒಣಹಾಕಿದ ಬಟ್ಟೆಗಳು, ಅಂಗಳದ ಬಾವಿಗಳು ಗೊಂಬೆಯ ಊರಿನಂತೆ ನಮ್ಮ ಕಾಲ ಕೆಳಗೆ ಸರಿದವು. ಎಲ್ಲರೂ ಚಿತ್ರ ತೆಗೆಯುತ್ತಿದ್ದರು, ನಾನೂ ತೆಗೆದೆ. ಕೆಲವು ಕಿಟಕಿಗಳಲ್ಲಿ ಬಾವುಟಗಳಿದ್ದವು. ಹಬ್ಬದ ಅಲಂಕಾರವೆಂದು ತಿಳಿದೆ. ದೊಡ್ಡ ಹಡಗು ಬೇಡ ಎಂದು ಅವುಗಳ ಮೇಲೆ ಬರೆದಿತ್ತೆಂಬುದು ಆಮೇಲೆ ಗೊತ್ತಾಯಿತು. 2019ರ ಜೂನ್ 2ರಂದು ಭಾರಿ ವಿಹಾರನೌಕೆಯೊಂದು ಅದೇ ಕಾಲುವೆಯಲ್ಲಿ ಹಿಡಿತ ತಪ್ಪಿ ದಡಕ್ಕೂ, ಅಲ್ಲಿ ನಿಂತಿದ್ದ ಪ್ರವಾಸಿ ದೋಣಿಗೂ ಬಡಿಯಿತು. 2021ರ ಆಗಸ್ಟ್ 1ರಿಂದ 25,000 ಟನ್ನಿಗೆ ಮಿಕ್ಕಿದ ಹಡಗುಗಳಿಗೆ ಆ ದಾರಿ ನಿಷಿದ್ಧವಾಗಿದೆ.

ಈ ಆಜ್ಞೆಯಿಂದ, ಹಡಗಿಗೆ ಹೊರಟವನು ಹೋಟೆಲನ್ನು ಹುಡುಕುವ ರೀತಿಯೇ ಬದಲಾಗಬೇಕಾಯಿತು. ಚೀಟಿಯಲ್ಲಿ ವೆನಿಸ್ ಎಂದು ಬರೆದ ಮಾತ್ರಕ್ಕೆ ಹಡಗು ವೆನಿಸಿನಲ್ಲಿ ನಿಂತಿರುತ್ತದೆಂದು ನಂಬುವಂತಿಲ್ಲ. ಅದು ಒಳನಾಡಿನ ದಡದ ಮಾರ್ಗೇರಾ ಎಂಬ ಕಾರ್ಖಾನೆಗಳ ಬಂದರಿನಲ್ಲಿರಬಹುದು. ದೂರದ ರಾವೆನ್ನಾದಲ್ಲೋ ತ್ರಿಯೆಸ್ತೆಯಲ್ಲೋ ಇರಬಹುದು. ಆಗ ಅರ್ಧ ದಿನದ ಪ್ರಯಾಣವನ್ನೇ ಎಣಿಸಿಕೊಳ್ಳಬೇಕು. ಕೆಲವು ಹಡಗುಗಳು ಕಿಯೋಜ್ಜಾ ಎಂಬ ಬೆಸ್ತರ ಪಟ್ಟಣಕ್ಕೆ ಬರುತ್ತವೆ. 1420ರ ಸುಮಾರಿಗೆ ವಿಜಯನಗರವನ್ನು ಕಂಡು ಹೋದ ನಿಕೊಲೊ ಕಾಂಟಿಯ ಹುಟ್ಟೂರು ಅದು. ಕಾಂಟಿ ಊರಿಗೆ ಮರಳಲು ಇಪ್ಪತ್ತಕ್ಕೂ ಹೆಚ್ಚು ವರ್ಷ ತೆಗೆದುಕೊಂಡ. ನಾವು ಏಳು ದಿನಗಳಲ್ಲಿ ಮರಳುವವರು, ನಮಗೆ ಅವಸರ ಹೆಚ್ಚು.

ಹಡಗಿಗಾಗಿ ಕಾಯುವವರನ್ನು ಉಣಿಸಿ ಮಲಗಿಸುವ ವೃತ್ತಿ ಈ ಊರಿಗೆ ಹೊಸದಲ್ಲ. ಹದಿನೈದನೆಯ ಶತಮಾನದಲ್ಲಿ ಜೆರೂಸಲೇಮಿಗೆ ಹೊರಟ ಯಾತ್ರಿಕರು ಯೂರೋಪಿನ ಮೂಲೆಮೂಲೆಗಳಿಂದ ವೆನಿಸಿಗೆ ಬಂದು, ನಾವೆ ಹೊರಡುವವರೆಗೆ ವಾರಗಟ್ಟಲೆ ತಂಗುತ್ತಿದ್ದರು. ವಿಲಿಯಂ ವೇ ಎಂಬ ಇಂಗ್ಲಿಷ್ ಯಾತ್ರಿಕ ತನ್ನ ಹಿಂದೆ ಬರುವವರಿಗೆ ಒಂದು ಗುಟ್ಟನ್ನು ಹೇಳಿದ್ದಾನೆ: ಸಾನ್ ಮಾರ್ಕೊ ಗುಡಿಯ ಬಳಿ ಮೂರು ಡಕೆಟ್ ಕೊಟ್ಟು ಹಾಸಿಗೆ, ದಿಂಬು, ಹೊದಿಕೆಗಳನ್ನು ಕೊಳ್ಳಿರಿ, ಮರಳಿ ಬಂದಾಗ ಅವು ಹರಿದಿದ್ದರೂ ಅದೇ ವರ್ತಕ ಒಂದೂವರೆ ಡಕೆಟ್ ಹಿಂದಕ್ಕೆ ಕೊಡುತ್ತಾನೆ. 1483ರಲ್ಲಿ ಎರಡನೆಯ ಬಾರಿ ಯಾತ್ರೆಗೆ ಹೊರಟ ಜರ್ಮನ್ ಸನ್ಯಾಸಿ ಫೆಲಿಕ್ಸ್ ಫಾಬ್ರಿಗೆ ತನ್ನ ಹಳೆಯ ವಸತಿಗೃಹದಲ್ಲಿ ಮೊದಲ ಸ್ವಾಗತ ಸಿಕ್ಕಿದ್ದು ಒಂದು ಕಪ್ಪು ನಾಯಿಯಿಂದ. ಆ ಮನೆಯಲ್ಲಿ ಯಜಮಾನನಿಂದ ಆಳಿನವರೆಗೆ ಎಲ್ಲರದೂ ಜರ್ಮನ್ ಭಾಷೆ. ನಾಯಿಯೂ ಜರ್ಮನರನ್ನು ಕಂಡರೆ ಬಾಲವಾಡಿಸುತ್ತಿತ್ತು, ಮಿಕ್ಕವರನ್ನು ಕಂಡರೆ ಬೊಗಳುತ್ತಿತ್ತು. ನೆಮ್ಮದಿಯ ವಸತಿಯೆಂದರೆ ಏನೆಂಬುದನ್ನು ಫಾಬ್ರಿ ನನಗಿಂತ ಚೆನ್ನಾಗಿ ಅರಿತಿದ್ದ. ನನಗೆ ಹಾಸಿಗೆಯ ಚಿತ್ರ ಸಾಕಾಗಿತ್ತು.

2023ರಲ್ಲಿ ಮತ್ತೆ ಹೊರಡುವ ಪ್ರಸಂಗ ಬಂದಿತು. ಅಷ್ಟರಲ್ಲಿ ಆಕೆಯ ಮೊಣಕಾಲಿಗೆ ಶಸ್ತ್ರಚಿಕಿತ್ಸೆಯಾಗಿ ಕೈಗೆ ಊರುಗೋಲು ಬಂದಿತ್ತು. “ನೀವು ಆರಿಸುವುದಾದರೆ ನಾನು ಬರುವುದಿಲ್ಲರೀ. ನಾನು ಹೇಳಿದ್ದನ್ನು ಬರೆದು ಕೇಳುವುದಾದರೆ ಬರುತ್ತೇನೆ” ಎಂದಳು. ಹೀಗೆ ಐದಾರು ಹೋಟೆಲುಗಳಿಗೆ ಒಂದೇ ಒಕ್ಕಣೆಯ ಪತ್ರ ಹೋಯಿತು. ಪಿಯಾತ್ಸಾಲೆ ರೋಮಾದಿಂದ ನಿಮ್ಮ ಬಾಗಿಲಿಗೆ ಎಷ್ಟು ಸೇತುವೆ, ಒಂದೊಂದಕ್ಕೆ ಎಷ್ಟು ಮೆಟ್ಟಿಲು? ಲಿಫ್ಟ್ ಬೀದಿಯ ಮಟ್ಟದಿಂದಲೇ ಹೊರಡುವುದೋ, ನಾಲ್ಕು ಮೆಟ್ಟಿಲು ಹತ್ತಿದ ಮೇಲೋ? ಒಳ ಅಂಗಳದ ಕಡೆಗೆ ಕೋಣೆಯುಂಟೆ? ಹತ್ತಿರದ ಚೌಕದಲ್ಲಿ ರಾತ್ರಿ ಪಾನಗೃಹಗಳು ಎಷ್ಟು ಹೊತ್ತಿನವರೆಗೆ ತೆರೆದಿರುತ್ತವೆ? ಹೆಚ್ಚಿನವರು ತಮ್ಮ ಉಪಾಹಾರದ ವೈಭವವನ್ನು ವರ್ಣಿಸಿ ಬರೆದರು. ಒಬ್ಬಾಕೆ ಮಾತ್ರ, ಎರಡು ಸೇತುವೆ ಎಂದು ತಿಳಿಸಿ, ಮೆಟ್ಟಿಲುಗಳನ್ನು ಎಣಿಸಿ ಬರೆದು, ಎರಡನೆಯದಕ್ಕೆ ಹಿಡಿಯಲು ಕಂಬಿ ಬಲಗಡೆಗೆ ಚೆನ್ನಾಗಿದೆ ಎಂದು ಸೇರಿಸಿದ್ದಳು. ಅಲ್ಲಿಗೇ ಹೋದೆವು.

ಅದು ಸಾಂತಾ ಕ್ರೋಚೆ ಭಾಗದಲ್ಲಿ, ತೊಲೆಂತೀನಿ ಎಂಬ ಕಂಬಸಾಲಿನ ಚರ್ಚಿನ ಹಿಂದೆ ಇತ್ತು. ಮೌನವನ್ನೇ ಬಯಸುವವರಿಗೆ ಇನ್ನೂ ಒಳ್ಳೆಯ ನೆಲೆಗಳಿವೆ: ಉತ್ತರದಲ್ಲಿ ಸಾಂತ್ ಆಲ್ವೀಸೆ, ಪೂರ್ವದ ತುದಿಯಲ್ಲಿ ಮರಗಳಿಂದ ಕೂಡಿದ ಸಾಂತ್ ಎಲೆನಾ. ಆದರೆ ಅಲ್ಲಿಂದ ಹಡಗಿನ ಬಸ್ಸಿಗೆ ಬರಲು ಸಾರ್ವಜನಿಕ ದೋಣಿಯ ನೂಕುನುಗ್ಗಲಿನಲ್ಲಿ ಪೆಟ್ಟಿಗೆಗಳೊಡನೆ ಹೆಣಗಬೇಕು. ಒಳನಾಡಿನ ಮೆಸ್ತ್ರೆಯಲ್ಲಿ ಉಳಿದರೆ ಹಣವೂ ಉಳಿಯುತ್ತದೆ, ಸೇತುವೆಯೂ ತಪ್ಪುತ್ತದೆ. ಮಾರ್ಗೇರಾದಿಂದ ಹೊರಡುವವರಿಗೆ ಅದು ವಿವೇಕದ ಆಯ್ಕೆಯೇ. ಆದರೆ ಅಲ್ಲಿ ಮಲಗಿದವನು ವೆನಿಸಿನಲ್ಲಿ ಮಲಗಿದೆನೆಂದು ಹೇಳಿಕೊಳ್ಳಬಾರದು. ನವೆಂಬರದ ಆಸುಪಾಸಿನಲ್ಲಿ ಹೋಗುವವರು ನೆಲದಂತಸ್ತಿನ ಕೋಣೆಯನ್ನು ಹಿಡಿಯುವ ಮೊದಲು ಯೋಚಿಸಲಿ. 2019ರ ನವೆಂಬರ್ 12ರ ರಾತ್ರಿ ನೀರು 187 ಸೆಂಟಿಮೀಟರ್ ಏರಿತ್ತು. 2020ರ ಅಕ್ಟೋಬರಿನಿಂದ ಕಡಲಬಾಗಿಲಲ್ಲಿ ಏಳುವ ತಡೆಗೋಡೆಗಳು ದೊಡ್ಡ ಪ್ರವಾಹವನ್ನು ತಡೆಯುತ್ತವಾದರೂ ಚಳಿಗಾಲದ ತೇವವನ್ನು ತಡೆಯಲಾರವು.

ನಮ್ಮ ಕಿಟಕಿ ಅಂಗಳದ ಮೇಲೆ ತೆರೆಯುತ್ತಿತ್ತು. ನಡುವೆ ಕೆತ್ತನೆಯ ಕಲ್ಲುಕಟ್ಟೆಯ ಬಾವಿ. ನೋಡಲು ಬಾವಿ, ಊಟೆಯ ನೀರಿಲ್ಲ. ಸುತ್ತಣ ಮಾಡುಗಳ ಮಳೆನೀರನ್ನು ಮರಳಿನಲ್ಲಿ ಸೋಸಿ ತುಂಬಿಡುವ ತೊಟ್ಟಿ ಅದು. ಉಪ್ಪುನೀರಿನ ನಡುವಿನ ಈ ಊರು, 1884ರಲ್ಲಿ ಒಳನಾಡಿನಿಂದ ಕೊಳಾಯಿ ಬರುವವರೆಗೂ, ಹೆಚ್ಚಾಗಿ ಇಂಥ ತೊಟ್ಟಿಗಳಿಂದಲೇ ಕುಡಿಯುತ್ತಿತ್ತು. ಆ ರಾತ್ರಿ ನನ್ನ ಪತ್ನಿ ಎಂಟು ಗಂಟೆ ನಿದ್ರಿಸಿದಳು. ನಾನು ನಡುವೆ ಎಚ್ಚೆತ್ತು ಕಿಟಕಿಯ ಬಳಿ ನಿಂತೆ. ಎಲ್ಲಿಯೋ ಗಂಟೆ ಹೊಡೆಯಿತು, ಅಷ್ಟೆ. ಇಂಥ ನಿಶ್ಶಬ್ದವನ್ನು ನಾನು ಚಿಕ್ಕಂದಿನ ಹಳ್ಳಿಯ ರಾತ್ರಿಗಳಲ್ಲಿ ಮಾತ್ರ ಕೇಳಿದ್ದೆ. ಎದುರುಗಡೆ ಎಂಟು ಕಿಟಕಿಗಳಿದ್ದವು. ಏಳು ಕತ್ತಲೆಯಲ್ಲಿದ್ದವು, ಒಂದರಲ್ಲಿ ದೀಪವಿತ್ತು.

ಬೆಳಗ್ಗೆ ಆ ಹೋಟೆಲಿನ ಯಜಮಾನಿತಿಯೊಡನೆ, ನಿಮ್ಮ ನೆರೆಯವರು ಬಹಳ ಸದ್ದಿಲ್ಲದ ಜನ ಎಂದೆ. ಆಕೆ ನಕ್ಕಳು. ಏಳು ಕಿಟಕಿಗಳ ಹಿಂದೆ ನೆರೆಯವರೇ ಇಲ್ಲ. ಆ ಮನೆಗಳೆಲ್ಲ ದಿನಬಾಡಿಗೆಗೆ ಪ್ರವಾಸಿಗರಿಗೆ ಹೋಗುತ್ತವೆ, ನೆನ್ನೆ ಯಾರೂ ಬಂದಿರಲಿಲ್ಲ. ದೀಪವಿದ್ದುದು ಒಬ್ಬ ವೃದ್ಧೆಯ ಮನೆ. ಆಕೆ ಹುಟ್ಟಿದ್ದೂ ಅಲ್ಲಿಯೇ. 1951ರಲ್ಲಿ ಈ ಹಳೆಯ ನಗರದಲ್ಲಿ ಸುಮಾರು 1,75,000 ಜನ ವಾಸವಿದ್ದರು. 2022ರಲ್ಲಿ ಆ ಸಂಖ್ಯೆ 50,000ಕ್ಕಿಂತ ಕೆಳಗಿಳಿಯಿತು. ಪ್ರವಾಸಿಗರ ಹಾಸಿಗೆಗಳು ಊರವರ ಸಂಖ್ಯೆಯನ್ನು ಮೀರಿವೆಯೆಂದು ನಿವಾಸಿಗಳ ಸಂಘಟನೆಯೊಂದು 2023ರಲ್ಲಿ ಲೆಕ್ಕ ಹಾಕಿ ಹೇಳಿತು. ರಿಯಾಲ್ಟೊ ಸೇತುವೆಯ ಸಮೀಪದ ಔಷಧದಂಗಡಿಯೊಂದರ ಕಿಟಕಿಯಲ್ಲಿ, ಊರಿನಲ್ಲಿ ಉಳಿದವರೆಷ್ಟು ಎಂಬ ಅಂಕಿಯನ್ನು ತೋರಿಸುವ ಫಲಕವನ್ನು 2008ರಲ್ಲಿ ಇಟ್ಟಿದ್ದಾರೆ. ಅಂದು ಸಂಜೆ ಹೋಗಿ ನೋಡಿದೆವು. ನಮ್ಮಲ್ಲಿ ಚಿನ್ನದ ಧಾರಣೆಯನ್ನು ಹಾಕುವಂತೆ ಕೆಂಪು ಅಕ್ಷರಗಳಲ್ಲಿ ಅಂಕಿ ಹೊಳೆಯುತ್ತಿತ್ತು. ಜನ ಅದರ ಮುಂದೆ ನಡೆದು ಹೋಗುತ್ತಿದ್ದರು.

ನಾನು ಬೇಡಿ ಪಡೆದ ನಿಶ್ಶಬ್ದ ಎರಡು ಬಗೆಯದೆಂದು ಅಂದು ಅರಿವಾಯಿತು. ಜನರಿದ್ದು ಮಲಗಿರುವ ನಿಶ್ಶಬ್ದ ಒಂದು, ಜನರೇ ಇಲ್ಲದ ನಿಶ್ಶಬ್ದ ಇನ್ನೊಂದು. ಕತ್ತಲೆಯಲ್ಲಿ ನಿಂತು ಕೇಳುವವನಿಗೆ ಎರಡೂ ಒಂದೇ. ನಾವು ಹೋಟೆಲಿನಲ್ಲಿ ತಂಗಿದ್ದೆವು, ಯಾರ ಮನೆಯನ್ನೂ ಬಿಡಿಸಿರಲಿಲ್ಲ ಎಂದು ನನ್ನ ಪತ್ನಿಗೆ ಹೇಳಿದೆ. “ಎಂಟು ಕಿಟಕಿಯಲ್ಲೂ ದೀಪವಿದ್ದಿದ್ದರೆ ನಿಮಗೆ ಗದ್ದಲವಾಗುತ್ತಿತ್ತು” ಎಂದಳು. ಉತ್ತರ ತೋಚಲಿಲ್ಲ.

ಹೊರಡುವ ದಿನ ಆರೂವರೆಗೆ ಬಾಗಿಲಲ್ಲಿ ನಿಂತಾಗ ಯಜಮಾನಿತಿ ಒಂದು ಬೇಡಿಕೆ ಮುಂದಿಟ್ಟಳು: ಓಣಿಯಲ್ಲಿ ಪೆಟ್ಟಿಗೆಗಳನ್ನು ಉರುಳಿಸಬೇಡಿ, ಎತ್ತಿಕೊಂಡು ಹೋಗಿರಿ, ಎದುರುಮನೆಯ ಅಮ್ಮ ಬೆಳಗಿನ ಜಾವಕ್ಕೆ ಕಣ್ಣು ಮುಚ್ಚುವವರು. ಕಲ್ಲುಹಾಸಿನ ಮೇಲೆ ಪೆಟ್ಟಿಗೆಯ ಗಟ್ಟಿ ಚಕ್ರಗಳ ಸದ್ದು ಅಲ್ಲಿಯವರಿಗೆ ಎಂಥ ಪೀಡೆಯೆಂದರೆ, ಅವನ್ನು ನಿಷೇಧಿಸುವ ಮಾತು 2014ರಲ್ಲಿ ನಡೆದಿತ್ತು. ಯಜಮಾನಿತಿಯ ಮಗ ಒಂದು ಪೆಟ್ಟಿಗೆಯನ್ನು ಹೆಗಲಿಗೇರಿಸಿದ, ಇನ್ನೊಂದನ್ನು ನಾನು ಹಿಡಿದೆ. ಮೊದಲ ಸೇತುವೆಯ ಮೇಲೆ ಒಮ್ಮೆ ನಿಂತು ಉಸಿರು ತೆಗೆದುಕೊಂಡೆವು. ನನ್ನ ಪತ್ನಿ ಕಂಬಿ ಹಿಡಿದು, ಮೆಟ್ಟಿಲುಗಳನ್ನು ಮೆಲ್ಲಗೆ ಎಣಿಸುತ್ತ ಇಳಿದಳು. ಪತ್ರದಲ್ಲಿದ್ದ ಲೆಕ್ಕ ಸರಿಯಾಗಿತ್ತು. ಎರಡನೆಯ ಸೇತುವೆಯನ್ನು ದಾಟಿ ಬಸ್ಸುಗಳ ಸದ್ದು ಕೇಳತೊಡಗಿದ ಮೇಲೆ ಪೆಟ್ಟಿಗೆಗಳನ್ನು ಕೆಳಗಿಟ್ಟು ಉರುಳಿಸಿಕೊಂಡು ಹೋದೆವು.