ದೇವಲಾಪುರ: ನಾಲೆಯ ಜಿಲ್ಲೆಯಲ್ಲೊಂದು ಮಳೆಯ ಊರು

ಮಂಡ್ಯ ಜಿಲ್ಲೆಯೆಂದರೆ ಮಲೆನಾಡಿಗರ ಕಣ್ಣಮುಂದೆ ನಿಲ್ಲುವುದು ಕಬ್ಬಿನ ಗದ್ದೆ, ತುಂಬಿದ ನಾಲೆ. ಅದೇ ಜಿಲ್ಲೆಯ ನಾಗಮಂಗಲ ತಾಲ್ಲೂಕಿನ ಹೋಬಳಿ ಕೇಂದ್ರ ದೇವಲಾಪುರದ ಕತೆ ಬೇರೆ. 1911ರಲ್ಲಿ ಕೆಲಸ ಆರಂಭವಾದ ಕನ್ನಂಬಾಡಿ ಕಟ್ಟೆಯ ನೀರು ವಿಶ್ವೇಶ್ವರಯ್ಯ ನಾಲೆಯಾಗಿ ಮಂಡ್ಯ, ಮದ್ದೂರುಗಳ ಬಯಲಿಗೆ ಇಳಿಯಿತು; ಎತ್ತರದ ನಾಗಮಂಗಲ ಸೀಮೆ ಬಹುಪಾಲು ಮಳೆಯನ್ನೇ ನಂಬಿ ಉಳಿಯಿತು. ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ. ಆಗುಂಬೆಯಲ್ಲಿ ಅಷ್ಟು ಮಳೆ ಆಷಾಢದ ಕೆಲವೇ ದಿನಗಳಲ್ಲಿ ಸುರಿದೀತು! ಇಷ್ಟರಲ್ಲಿಯೇ ರಾಗಿ, ಹುರುಳಿ, ಅವರೆ, ತೆಂಗು.

ಇಂಥ ಸೀಮೆಯ ಜೀವಾಳ ಕೆರೆ. ಮಳೆನೀರು ಕಾಲುವೆಗಳಲ್ಲಿ ಹರಿದು ಬಂದು ಏರಿಗೆ ತಾಗಿ ನಿಲ್ಲುತ್ತದೆ. ಹೆಚ್ಚಾದುದು ಕೋಡಿ ಹರಿದು ಕೆಳಗಿನ ಕೆರೆಯನ್ನು ಸೇರುತ್ತದೆ. ತೂಬು ತೆಗೆದು ಗದ್ದೆಗಳಿಗೆ ಸರದಿಯಂತೆ ನೀರು ಬಿಡುವ ಹೊಣೆ ನೀರುಗಂಟಿಯದಾಗಿತ್ತು. ಬೇಸಿಗೆಯಲ್ಲಿ ತೆಗೆದ ಹೂಳು ಹೊಲಕ್ಕೆ ಗೊಬ್ಬರ.

ಕೊಳವೆಬಾವಿಗಳು ಬಂದ ಮೇಲೆ ಬಯಲುಸೀಮೆಯಲ್ಲೆಲ್ಲ ಈ ಏರ್ಪಾಡು ಸಡಿಲಗೊಂಡಿತು. ನೀರು ಅವರವರ ಹೊಲದ ಸ್ವತ್ತಾಯಿತು. ಕಾಲುವೆ ಯಾರದೂ ಅಲ್ಲವಾಯಿತು. ಆದರೆ ಸುತ್ತಲಿನ ಕೊಳವೆಬಾವಿಗಳಿಗೆ ಒಳಗಿಂದೊಳಗೆ ನೀರೂಡುವುದೂ ಅದೇ ಕೆರೆಯೆಂಬುದು ಮರೆತುಹೋಗಿದೆ. ಮುಚ್ಚಿದ ಕಾಲುವೆಯನ್ನು ಬಿಡಿಸದೆ ಕೆರೆಯ ಹೂಳನ್ನಷ್ಟೇ ತೆಗೆಸಿದರೆ, ಆಳವಾದ ಅಂಗಳಕ್ಕೆ ನೀರು ಬರುವ ದಾರಿಯೇ ಇರುವುದಿಲ್ಲ.