ಸಣ್ಣ ಗನ್ನು, ಅದರ ಸೂಜಿ, ನಮ್ಮ ಎದೆ

(ಜಹೀರಾಬಾದಿನಲ್ಲಿ ಪೇಂಟರ್ ಬಾಂಧವರು ಸೇರಿದ್ದಾಗ ಮಾಡಿದ ಭಾಷಣ)



ಜಹೀರಾಬಾದ್, ನಾರಾಯಣಖೇಡ, ತಾಂಡೂರು ಈ ಮೂರು ಊರುಗಳಿಂದ ಬಂದು ಇಲ್ಲಿ ಕುಳಿತಿರುವ ನಮ್ಮಲ್ಲಿ ಹೆಚ್ಚಿನವರು ಬಣ್ಣದ ಕೆಲಸದವರು. ಹೈದರಾಬಾದ್–ಮುಂಬಯಿ ಹೆದ್ದಾರಿಯಲ್ಲಿ ಓಡುವ ಲಾರಿಗಳಿಗೂ ಹೊಲಕ್ಕೆ ಹೋಗುವ ಟ್ರಾಲಿಗಳಿಗೂ ಬಣ್ಣ ಹೊಡೆದು ಹೊಟ್ಟೆ ಹೊರೆದವರು. ನಮಗೆ ಮನೆಯಲ್ಲಿ ಕನ್ನಡ, ಗ್ಯಾರೇಜಿನಲ್ಲಿ ತೆಲುಗು ಮತ್ತು ಉರ್ದು. ಪೇಂಟಿನ ಡಬ್ಬಿಯ ಮೇಲೆ ಮಾತ್ರ ಇಂಗ್ಲಿಷು. ಆ ಸಣ್ಣ ಅಕ್ಷರದಲ್ಲಿ ಬರೆದಿರುವ ಎಚ್ಚರಿಕೆಯನ್ನು ನಮ್ಮಲ್ಲಿ ಎಷ್ಟು ಮಂದಿ ಓದಿದ್ದೇವೆ? ಈ ಪ್ರಶ್ನೆಗೆ ಆಮೇಲೆ ಬರುತ್ತೇವೆ.

ಈಚೆಗೆ ನಮ್ಮ ಹುಡುಗರಿಗೆ ಒಂದು ಹವ್ಯಾಸ ಹತ್ತಿದೆ. ಫೋಮ್ ಹಲಗೆ, ಪ್ಲಾಸ್ಟಿಕ್ ಹಾಳೆ, ಹಳೆಯ ಪೆನ್ನಿನ ಕೊಳವೆ ಇಂಥವನ್ನು ಕತ್ತರಿಸಿ ಅಂಟಿಸಿ ಸಣ್ಣ ಬಸ್ಸು, ಲಾರಿ, ಟ್ರ್ಯಾಕ್ಟರುಗಳನ್ನು ಅಳತೆಗೆ ಸರಿಯಾಗಿ ಮಾಡುತ್ತಾರೆ. ಟ್ರ್ಯಾಕ್ಟರ್ ಕಾರ್ಖಾನೆ ಇರುವ ಊರಾದ್ದರಿಂದ ಜಹೀರಾಬಾದಿನ ಹುಡುಗರಿಗೆ ಟ್ರ್ಯಾಕ್ಟರೇ ಮೊದಲು. ಅದಕ್ಕೆ ಬಣ್ಣ ಹೊಡೆಯಲು ಪೆನ್ನಿನ ಗಾತ್ರದ ಒಂದು ಸಣ್ಣ ಗನ್ನು ತಂದುಕೊಂಡಿದ್ದಾರೆ. ಏರ್‌ಬ್ರಷ್ ಎಂದು ಅದರ ಹೆಸರು. ಮೊದಲು ನೋಡಿದಾಗ ಇದು ಮಕ್ಕಳಾಟ ಎಂದು ನಾವು ನಕ್ಕೆವು. ಕೈಗೆ ತೆಗೆದುಕೊಂಡ ಮೇಲೆ ನಗು ನಿಂತಿತು. ಇಪ್ಪತ್ತು ವರ್ಷ ಲಾರಿಗೆ ಬಣ್ಣ ಹೊಡೆದ ಕೈ ಒಂದು ಅಂಗೈಯಗಲದ ಬಾನೆಟ್ಟಿನ ಮೇಲೆ ಬಣ್ಣ ಸೋರಿಸಿಬಿಟ್ಟಿತು.

ಏಕೆ ಹೀಗಾಯಿತು? ಲೆಕ್ಕ ಹಾಕಿ ನೋಡಿ. ನಿಜವಾದ ವಾಹನದ ಮೇಲೆ ಪ್ರೈಮರು, ಬಣ್ಣ ಎಲ್ಲ ಸೇರಿ ಸುಮಾರು 100 ಮೈಕ್ರಾನ್, ಎಂದರೆ ಮಿಲಿಮೀಟರಿನ ಹತ್ತನೆಯ ಒಂದು ಭಾಗ ದಪ್ಪ ಇರುತ್ತದೆ. ಮಾದರಿ ಇಪ್ಪತ್ತನಾಲ್ಕನೆಯ ಒಂದು ಅಳತೆಯದಾದರೆ, ಅಷ್ಟೇ ದಪ್ಪದ ಬಣ್ಣ ನಿಜವಾದ ಗಾಡಿಯ ಮೇಲೆ 2.4 ಮಿಲಿಮೀಟರ್ ಬಳಿದಂತೆ ಕಾಣುತ್ತದೆ. ಅದು ಬಣ್ಣವಲ್ಲ, ಗಾರೆ! ಬಾಗಿಲಿನ ಗೆರೆ, ಬೋಲ್ಟಿನ ತಲೆ ಎಲ್ಲವೂ ಅದರಡಿಯಲ್ಲಿ ಹೂತುಹೋಗುತ್ತವೆ. ಆದುದರಿಂದಲೇ ಪೇಂಟನ್ನು ಹಾಲಿನಷ್ಟು ತೆಳ್ಳಗೆ ಮಾಡಿ, ಗಾಳಿಯನ್ನು 15ರಿಂದ 20 ಪೌಂಡಿಗೆ ಇಳಿಸಿ, ಒಂದರ ಮೇಲೊಂದು ತೆಳುವಾದ ಕೋಟ್ ಕೊಡಬೇಕು. ಲಾರಿಯ ಗನ್ನಿನ ನಾಜಲ್ ತೂತು 1.4 ಮಿಲಿಮೀಟರಿನಷ್ಟು ಇದ್ದರೆ ಇದರದು 0.2 ಅಥವಾ 0.3. ಅಷ್ಟು ಸಣ್ಣ ತೂತಿನಲ್ಲಿ ಒಣಗಿದ ಬಣ್ಣದ ಒಂದು ಕಣ ಕುಳಿತರೂ ಸಾಕು, ಕೆಲಸ ಕೆಟ್ಟಿತು.

ನಾವು ಕೆಲಸ ಕಲಿತ ಗ್ಯಾರೇಜಿನ ಉಸ್ತಾದರು ಒಂದು ಮಾತು ಹೇಳುತ್ತಿದ್ದರು: "ತಮ್ಮಾ, ಗನ್ನು ತೊಳಿಯಾಕ ಕಲಿ ಮೊದಲ, ಬಣ್ಣ ಹೊಡಿಯೋದು ತಾನ ಬರ್ತದ." ಆರು ತಿಂಗಳು ನಮ್ಮ ಕೈಯಲ್ಲಿ ತೊಳೆಸಿದರು. ಆಗ ಬೈದುಕೊಂಡೆವು. ಈಗ ಹುಡುಗರು ಹತ್ತು ನಿಮಿಷ ಬಣ್ಣ ಹೊಡೆದು, ಗನ್ನನ್ನು ಹಾಗೆಯೇ ಇಟ್ಟು ಊಟಕ್ಕೆ ಹೋಗುವುದನ್ನು ಕಂಡಾಗ ಉಸ್ತಾದರ ನೆನಪಾಗುತ್ತದೆ.

ತೊಳೆಯುವ ರೀತಿ ಹೀಗೆ. ಬಣ್ಣ ಬದಲಿಸುವಾಗ ಬಟ್ಟಲಿನಲ್ಲಿ ಉಳಿದದ್ದನ್ನು ಚೆಲ್ಲಿ, ಒರೆಸಿ, ನೀರಿನ ಬಣ್ಣವಾದರೆ ನೀರು, ಥಿನ್ನರಿನ ಬಣ್ಣವಾದರೆ ಥಿನ್ನರ್ ಹಾಕಿ ಒಂದು ಬಟ್ಟೆಯ ಮೇಲೆ ಊದಿಸಬೇಕು. ಬಳಿಕ ನಾಜಲ್ ಬಾಯಿಗೆ ಬಟ್ಟೆಯನ್ನು ಮೆಲ್ಲಗೆ ಒತ್ತಿ ಹಿಡಿದು ಗಾಳಿ ಬಿಟ್ಟರೆ, ಗಾಳಿ ಹಿಂದಕ್ಕೆ ತಿರುಗಿ ಬಟ್ಟಲಿನಲ್ಲಿ ಗುಳ್ಳೆ ಏಳುತ್ತದೆ. ಒಳಗೆ ಅಂಟಿಕೊಂಡ ಬಣ್ಣವನ್ನು ಆ ಗುಳ್ಳೆಯೇ ಬಿಡಿಸಿ ತರುತ್ತದೆ. ಊದಿದ್ದು ಶುಭ್ರವಾಗುವ ತನಕ ಹೀಗೆ ಮಾಡಿ. ದಿನದ ಕೆಲಸ ಮುಗಿದ ಮೇಲೆ ಹಿಂದಿನ ತಿರುಪು ಸಡಿಲಿಸಿ ಸೂಜಿಯನ್ನು ಹೊರಗೆ ಎಳೆದು, ದಪ್ಪ ಕಡೆಯಿಂದ ಮೊನೆಯ ಕಡೆಗೆ ಒರೆಸಿ. ಮೊನೆಯಿಂದ ಹಿಂದಕ್ಕೆ ಒರೆಸಿದರೆ ಬೆರಳಿಗೂ ಚುಚ್ಚುತ್ತದೆ, ಮೊನೆಯೂ ಬಾಗುತ್ತದೆ. ಬಾಗಿದ ಮೊನೆಯ ಸೂಜಿ ಬಣ್ಣವನ್ನು ಒಂದೇ ಬದಿಗೆ ಚಿಮ್ಮಿಸುತ್ತದೆ. ಆಗ ಹುಡುಗರು ಕಂಪ್ರೆಸರನ್ನು ಬೈಯುತ್ತಾರೆ. ನಾಜಲನ್ನು ಬಿಗಿಯುವಾಗ ಎರಡು ಬೆರಳಿನ ಬಲ ಸಾಕು. ಲಾರಿಯ ನಟ್ಟು ಬಿಗಿಯುವ ಕೈ ಇಲ್ಲಿ ಬೇಡ, ಅದರ ಎಳೆ ಮುರಿದರೆ ಹೊಸದನ್ನೇ ಕೊಳ್ಳಬೇಕು. ಇಡೀ ಗನ್ನನ್ನು ರಾತ್ರಿಯಿಡೀ ಥಿನ್ನರಿನಲ್ಲಿ ಮುಳುಗಿಸಿಡುವ ಸೋಮಾರಿತನವೂ ಬೇಡ. ಒಳಗಿನ ರಬ್ಬರ್ ಉಂಗುರ ಉಬ್ಬಿ ಗಾಳಿ ಸೋರುತ್ತದೆ.

ನಮ್ಮ ಹವೆಯೂ ಒಂದು ಪರೀಕ್ಷೆಯೇ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಬಣ್ಣ ಹೊಡೆದರೆ ಹನಿ ದಾರಿಯಲ್ಲೇ ಒಣಗಿ ಮೈಮೇಲೆ ರವೆಯಂತೆ ಕೂರುತ್ತದೆ. ನೀರಿನ ಬಣ್ಣವಾದರೆ ಸೂಜಿಯ ಮೊನೆಯಲ್ಲೇ ಗಂಟು ಕಟ್ಟುತ್ತದೆ. ಬೆಳಗಿನ ಹೊತ್ತೇ ಒಳ್ಳೆಯದು. ಮಳೆಗಾಲದಲ್ಲಿ ಎನ್.ಸಿ. ಪೇಂಟ್ ಹೊಡೆದರೆ ಗಾಳಿಯ ತೇವ ಹಿಡಿದು ಬಿಳಿ ಮಂಜು ಕಟ್ಟುತ್ತದೆ. ಕಂಪ್ರೆಸರಿನ ನೀರಿನ ಬಟ್ಟಲನ್ನು ದಿನವೂ ಖಾಲಿ ಮಾಡಿ.

ಇನ್ನು ನಾವು ಹೇಳಲೇಬೇಕೆಂದು ಬಂದ ವಿಷಯ.

ಅಮೆರಿಕದ ಟೊಲೆಡೊ ನಗರದಲ್ಲಿ ಡಿವಿಲ್ಬಿಸ್ ಎಂಬ ವೈದ್ಯರಿದ್ದರು. 1888ರ ಸುಮಾರಿಗೆ ಅವರು ರೋಗಿಯ ಗಂಟಲಿಗೆ ಔಷಧವನ್ನು ತುಂತುರಾಗಿ ಊದುವ ಒಂದು ಸಾಧನವನ್ನು ಮಾಡಿದರು. 1907ರ ಸುಮಾರಿಗೆ ಅವರ ಮಗ ಅದೇ ಉಪಾಯವನ್ನು ಬಣ್ಣಕ್ಕೆ ಹಚ್ಚಿದನು. ನಮ್ಮ ಕೈಯ ಸ್ಪ್ರೇ ಗನ್ನು ಹೀಗೆ ಬಂತು. ಔಷಧವನ್ನು ಎದೆಯ ತನಕ ಮುಟ್ಟಿಸುವ ತುಂತುರು ಬಣ್ಣವನ್ನೂ ಅಲ್ಲಿಗೇ ಮುಟ್ಟಿಸುತ್ತದೆ, ಅಲ್ಲವೇ?

ನಮ್ಮ ಸಂಗಡಿಗರಲ್ಲಿ ಒಬ್ಬ ಹುಡುಗನಿದ್ದಾನೆ. ಹೆಸರು ಬೇಡ. ಕೈ ಬಹಳ ಚೆನ್ನ. ಅವನು ಮಾಡಿದ ಟ್ರ್ಯಾಕ್ಟರಿನ ಸ್ಟಿಯರಿಂಗ್ ತಿರುಗಿಸಿದರೆ ಮುಂದಿನ ಚಕ್ರ ತಿರುಗುತ್ತದೆ. ಹೊಳಪು ಬೇಕೆಂದು ಅವನು ಗ್ಯಾರೇಜಿನಲ್ಲಿ ಉಳಿದ ಪಿ.ಯು. ಪೇಂಟನ್ನೂ ಹಾರ್ಡನರನ್ನೂ ಕೇಳಿದನು. ಕೊಟ್ಟವರು ನಾವೇ. ಚೆಲ್ಲುವುದಕ್ಕಿಂತ ಅವನಿಗೆ ಉಪಯೋಗವಾಗಲಿ ಎಂದುಕೊಂಡೆವು. ಅವನು ರಾತ್ರಿ ಕಿಟಕಿ ಮುಚ್ಚಿ, ಧೂಳು ಬೀಳಬಾರದೆಂದು ಫ್ಯಾನನ್ನೂ ನಿಲ್ಲಿಸಿ, ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಹೊಡೆದನು. ಎರಡು ತಿಂಗಳಲ್ಲಿ ಕೆಮ್ಮು, ರಾತ್ರಿ ಉಬ್ಬಸ. ಅವನ ತಾಯಿ ಥಂಡಿ ಎಂದು ಕಷಾಯ ಕುಡಿಸಿದರು. ಕಡೆಗೆ ವೈದ್ಯರು ಅವನ ಕೆಲಸವೇನೆಂದು ಕೇಳಿದ ಮೇಲೆಯೇ ಕಾರಣ ಗೊತ್ತಾದದ್ದು. ಆ ಹಾರ್ಡನರಿನಲ್ಲಿ ಐಸೊಸಯನೇಟ್ ಎಂಬ ವಸ್ತು ಇರುತ್ತದೆ. ಎದೆ ಒಮ್ಮೆ ಅದಕ್ಕೆ ಮುನಿದರೆ ಆಮೇಲೆ ಅತ್ಯಲ್ಪ ತಾಕಿದರೂ ಉಬ್ಬಸ ಬರುತ್ತದೆ. ಈಗ ಅವನು ಗ್ಯಾರೇಜಿನ ಹೊಸ್ತಿಲು ತುಳಿಯುವಂತಿಲ್ಲ. ಇಪ್ಪತ್ತೆರಡು ವರ್ಷಕ್ಕೇ ಕಲಿತ ಕಸುಬು ಕೈಬಿಟ್ಟಿತು.

ಡಬ್ಬಿಯ ಮೇಲೆ ಅದನ್ನು ಬರೆದಿತ್ತು. ನಾವು ಓದಿರಲಿಲ್ಲ.

ಆದುದರಿಂದ ಹಾರ್ಡನರ್ ಹಾಕುವ ಪೇಂಟನ್ನು ಮನೆಯೊಳಗೆ ತರಬೇಡಿ, ಮಕ್ಕಳಿಗೆ ಕೊಡಬೇಡಿ. ಕರವಸ್ತ್ರವಾಗಲಿ ಧೂಳಿನ ಬಟ್ಟೆ ಮಾಸ್ಕಾಗಲಿ ಅದನ್ನು ತಡೆಯುವುದಿಲ್ಲ. ಗ್ಯಾರೇಜಿನಲ್ಲಿ ಅದನ್ನು ಹೊಡೆಯುವವನಿಗೆ ಹೊರಗಿನ ಶುದ್ಧ ಗಾಳಿ ಕೊಳವೆಯಲ್ಲಿ ಬರುವ ಮುಖವಾಡವೇ ಬೇಕು. ದುಬಾರಿ ಎಂದು ಧಣಿ ಹೇಳಿದರೆ, ನಾವು ಒಬ್ಬೊಬ್ಬರಾಗಿ ಹೋಗಿ ಕೇಳುವುದಕ್ಕಿಂತ ಎಲ್ಲರೂ ಸೇರಿ ಕೇಳುವುದೇ ಸರಿ. ಸಣ್ಣ ಮಾದರಿಗಳಿಗೆ ನೀರಿನ ಅಕ್ರಿಲಿಕ್ ಬಣ್ಣ ಧಾರಾಳವಾಗಿ ಸಾಕು. ಅದರ ತುಂತುರೂ ಎದೆಗೆ ಒಳ್ಳೆಯದಲ್ಲ, ಕಿಟಕಿ ತೆರೆದಿಡಿ, ಮಾಸ್ಕ್ ಹಾಕಿ. ಥಿನ್ನರ್ ಬಳಸುವಾಗ ಕೈಗೆ ಗವಸು ಇರಲಿ, ಏಕೆಂದರೆ ಅದು ಚರ್ಮದೊಳಗೂ ಇಳಿಯುತ್ತದೆ. ಅದರ ಆವಿ ಗಾಳಿಗಿಂತ ಭಾರ. ನೆಲದ ಮೇಲೆ ಹರಿದು ಪಕ್ಕದ ಕೋಣೆಯ ಒಲೆಯನ್ನು ಮುಟ್ಟಿದರೆ ಬೆಂಕಿ.

ಹಳೆಯ ಡಬ್ಬಿಗಳ ಬಗ್ಗೆಯೂ ಒಂದು ಮಾತು. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂದು ಸರ್ಕಾರ 2016ರಲ್ಲಿ ನಿಯಮ ಮಾಡಿ 2017ರ ನವೆಂಬರಿನಿಂದ ಜಾರಿಗೆ ತಂದಿತು. ಆ ನಿಯಮ ಮಾಡಿದ್ದು ಮನೆಯ ಮತ್ತು ಅಲಂಕಾರದ ಬಣ್ಣಗಳಿಗೆ; ಕಾರ್ಖಾನೆಯ ಬಣ್ಣಗಳು ಅದರೊಳಗೆ ಬರಲಿಲ್ಲ. ಹಳೆಯ ಗಾಢ ಹಳದಿ, ಕಿತ್ತಳೆ ಬಣ್ಣ ಕಂಡರೆ ಸೀಸವಿದೆ ಎಂದೇ ಎಣಿಸಿ. ಉಜ್ಜುವುದಾದರೆ ನೀರು ಹಾಕಿ ಉಜ್ಜಿ, ಅದೇ ಬಟ್ಟೆಯಲ್ಲಿ ಮನೆಗೆ ಹೋಗಿ ಮಗುವನ್ನು ಎತ್ತಿಕೊಳ್ಳಬೇಡಿ.

ಮಾತು ಸಾಕು. ಮೇಜಿನ ಮೇಲೆ ಎರಡು ಸಣ್ಣ ಗನ್ನುಗಳಿವೆ. ಒಂದನ್ನು ನಿನ್ನೆ ತೊಳೆದದ್ದು, ಇನ್ನೊಂದನ್ನು ಬೇಕೆಂದೇ ಹಾಗೆಯೇ ಬಿಟ್ಟಿದ್ದೇವೆ. ಬಿಳಿ ಬಟ್ಟೆ ಹಾಸಿದ್ದೇವೆ, ನಾಜಲ್ ಜಾರಿ ಬಿದ್ದರೆ ಕಣ್ಣಿಗೆ ಕಾಣಲಿ ಎಂದು. ಆ ಹುಡುಗನೂ ಬಂದಿದ್ದಾನೆ. ಇವತ್ತು ಬರೀ ನೀರು, ಕಿಟಕಿಗಳೆಲ್ಲ ತೆರೆದಿವೆ. ಬಿಚ್ಚಿ ತೋರಿಸುವವನು ಅವನೇ. ನಾರಾಯಣಖೇಡದ ಅಣ್ಣಂದಿರು ಮೊದಲು ಮುಂದೆ ಬನ್ನಿ, ನಿಮ್ಮ ಬಸ್ಸು ಬೇಗ ಹೊರಡುತ್ತದೆ.