ಮೂವತ್ತು ಸೆಕೆಂಡಿಗೆ ಭದ್ರಾವತಿ ಹಿಡಿಸೋದಿಲ್ಲ

ಇವತ್ತು ರಾಜಕೀಯ ಬೇಡ. ನನ್ನದೇ ಒಂದು ತಪ್ಪಿನ ಬಗ್ಗೆ ಮಾತಾಡ್ತೀನಿ.

ಕೆಲವು ವಾರಗಳ ಹಿಂದೆ ಇದೇ ಕುರ್ಚಿಯಲ್ಲಿ ಕೂತು ಭದ್ರಾವತಿಯ ಕಾಗದ ಕಾರ್ಖಾನೆ, ಅಂದ್ರೆ ನಮ್ಮ ಎಂಪಿಎಂ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿದ್ದೆ. ಮೈಸೂರು ಸಂಸ್ಥಾನದ ಕಾಲದಲ್ಲಿ, 1936ರಲ್ಲಿ ಹುಟ್ಟಿದ ಕಂಪನಿ. ಪತ್ರಿಕೆಗಳಿಗೆ ನ್ಯೂಸ್‌ಪ್ರಿಂಟ್ ಕೊಟ್ಟ ಕಾರ್ಖಾನೆ. 2015ರ ಹೊತ್ತಿಗೆ ಉತ್ಪಾದನೆ ನಿಂತಿತು. ಆ ಮಾತಿನಿಂದ ಮೂವತ್ತು ಸೆಕೆಂಡ್ ಕತ್ತರಿಸಿ ರೀಲ್ಸ್ ಮಾಡಿದ್ರು. ಪೂರ್ತಿ ನೋಡದೆ ನಾನೇ ಶೇರ್ ಮಾಡಿದೆ. ಅದರಲ್ಲಿ ಉಳಿದಿದ್ದು "ಭದ್ರಾವತಿ ಕಥೆ ಮುಗೀತು" ಅನ್ನೋ ಮಾತು. "ಅಂತ ಹೇಳೋರಿಗೆ ನನ್ನದೊಂದು ಪ್ರಶ್ನೆ" ಅಂತ ಮುಂದುವರಿಸಿದ್ದೆನಲ್ಲ, ಅದು ಹಾರಿಹೋಗಿತ್ತು. ಲಕ್ಷಾಂತರ ಜನ ನೋಡಿದ್ರು.

ಮರುದಿನ ಕಾಗದನಗರದಿಂದ ಫೋನ್. ಅಪ್ಪನ ಜೊತೆ ಶಿಫ್ಟ್ ಮಾಡಿದವರು, ನಾನು ಮಾವ ಅಂತಲೇ ಕರೆಯೋರು. "ಏನಪ್ಪಾ, ನಾವಿನ್ನೂ ಇಲ್ಲೇ ಇದೀವಲ್ಲೋ" ಅಂದ್ರು. ಸ್ವಲ್ಪ ಹೊತ್ತು ಬಿಟ್ಟು, "ಕಾಲೇಜಲ್ಲಿದ್ದಾಗ ಸೈರನ್ ಬಗ್ಗೆ ಬರೆದಿದ್ಯಲ್ಲ, ಮಗಳು ಪ್ರಿಂಟ್ ತೆಗೆಸಿಕೊಟ್ಟಿದ್ಲು. ಬೀರುವಿನಲ್ಲಿದೆ. ಅದನ್ಯಾಕೆ ಬಿಟ್ಟೆ?" ಅಂತ ಕೇಳಿದ್ರು.

ನನ್ನ ಹತ್ತಿರ ಉತ್ತರ ಇರಲಿಲ್ಲ.

2008ರ ಮಾತು. ಶಿವಮೊಗ್ಗದಲ್ಲಿ ಎಂಜಿನಿಯರಿಂಗ್. ದಿನಾ ಭದ್ರಾವತಿಯಿಂದ ಬಸ್ಸು. ಸಂಜೆ ದುರ್ಗಿಗುಡಿಯ ಸೈಬರ್ ಸೆಂಟರಿನಲ್ಲಿ ಅರ್ಧ ಗಂಟೆ ಬ್ಲಾಗ್. ಕನ್ನಡ ಬ್ಲಾಗಿನ ಸುಗ್ಗಿ ಕಾಲ ಅದು. ಟೈಪ್ ಮಾಡೋಕೆ ಬರಹ ಇತ್ತು. ಯೂನಿಕೋಡ್ ಬಂದ ಮೇಲೆ ಅಕ್ಷರಗಳು ಚೌಕಗಳಾಗೋ ಕಾಟ ಕಡಿಮೆಯಾಗಿತ್ತು. ಹರಿಪ್ರಸಾದ್ ನಾಡಿಗರ 'ಸಂಪದ', ಜಿ.ಎನ್. ಮೋಹನ್ ಅವರ 'ಅವಧಿ' ಎರಡನ್ನೂ ಓದ್ತಿದ್ವಿ. ನನ್ನ ಬ್ಲಾಗಿಗೆ ಓದುಗರು ಹನ್ನೆರಡು ಜನ ಇದ್ರೆ ಹೆಚ್ಚು.

ಆಮೇಲೆ ಏನಾಯ್ತು? ಬ್ಲಾಗುಗಳ ಹೊಸ ಬರಹಗಳನ್ನು ಒಂದೇ ಕಡೆ ತಂದು ಕೊಡ್ತಿದ್ದ ಗೂಗಲ್ ರೀಡರ್ 2013ರಲ್ಲಿ ನಿಂತಿತು. ಅಷ್ಟರಲ್ಲಿ ನಾವೆಲ್ಲ ಸೋಷಿಯಲ್ ಮೀಡಿಯಾಗೆ ಗುಳೆ ಹೊರಟಿದ್ವಿ. ಅಲ್ಲಿ ಯಾರಿಗೆ ಏನು ತೋರಿಸಬೇಕು ಅಂತ ಲೆಕ್ಕ ಹಾಕೋದು ಅಲ್ಗಾರಿದಮ್. ಜನ ಎಲ್ಲಿ ನಿಲ್ತಾರೆ, ಎಲ್ಲಿ ರೇಗ್ತಾರೆ ಅನ್ನೋದೇ ಅದಕ್ಕೆ ಮುಖ್ಯ. ಟಿಆರ್‌ಪಿ ನಂಬಿ ಬದುಕೋ ನಾನು ಇದನ್ನ ಹೇಳಿದ್ರೆ ನಗ್ತೀರಿ, ಗೊತ್ತು. ಕಾಯಿಲೆ ನಮ್ಮ ಮನೆಯದೇ, ಅದಕ್ಕೇ ಗುರುತು ಸಿಕ್ತು.

ಮಾವ ಫೋನ್ ಇಟ್ಟ ಮೇಲೆ ಹುಡುಕಿದೆ. ಯಂತ್ರಗಳು ನಿಂತಾಗ ಸೋಷಿಯಲ್ ಮೀಡಿಯಾದಲ್ಲಿ ಉದ್ದಕ್ಕೆ ಬರೆದಿದ್ದು ಸಿಗಲೇ ಇಲ್ಲ. ಬ್ಲಾಗಿನ ಸೈರನ್ ಬರಹ ಮಾತ್ರ ಇಸವಿ, ತಿಂಗಳು, ಶೀರ್ಷಿಕೆ ಸಮೇತ ತನ್ನ ವಿಳಾಸದಲ್ಲೇ ಕೂತಿತ್ತು.

ಬ್ಲಾಗೇನು ಶಾಶ್ವತ ಅಲ್ಲ. 2009ರಲ್ಲಿ ಅಮೆರಿಕದ ಜಿಯೋಸಿಟೀಸ್ ಮುಚ್ಚಿತು, 2014ರಲ್ಲಿ ಆರ್ಕುಟ್ ಮುಚ್ಚಿತು. ಪರರ ಜಾಗದಲ್ಲಿ ಕಟ್ಟಿದ ಮನೆ ಯಾವತ್ತಿದ್ರೂ ಖಾಲಿ ಮಾಡಬೇಕಾಗಬಹುದು. ಅದಕ್ಕೇ ಈ ಸಲ ಸ್ವಂತ ಡೊಮೇನ್ ತಗೊಂಡಿದ್ದೀನಿ. ಪ್ರತಿ ಬರಹದ ಒಂದು ಪ್ರತಿ ನನ್ನ ಹತ್ತಿರಾನೂ ಇಡ್ತೀನಿ. ಸೋಷಿಯಲ್ ಮೀಡಿಯಾ ಬಿಟ್ಟಿಲ್ಲ. ಅಲ್ಲಿ ಬರೀ ವಿಳಾಸ ಹಾಕ್ತೀನಿ, ಮಾತು ಇಲ್ಲಿರುತ್ತೆ.

ಮೊದಲನೆಯದಾಗಿ ಆ ಇಪ್ಪತ್ತು ನಿಮಿಷದ ಮಾತನ್ನ ಕತ್ತರಿ ಹಾಕದೆ ಬರೆದು ಹಾಕಿದೆ. ಓದಿದವರು ನೂರು ಚಿಲ್ಲರೆ. ಸಂಜೆ ಮಾವನ ಫೋನ್: "ಎಲ್ಲ ಸರಿ. ರಾತ್ರಿ ಪಾಳಿ ಸೈರನ್ ಹೊತ್ತು ತಪ್ಪು ಬರೆದಿದ್ದೀಯ. ತಿದ್ದು."

ತಿದ್ದಿದೆ. ಎಲ್ಲಿ ತಿದ್ದಿದ್ದೀನಿ ಅಂತ ಕೆಳಗೆ ಬರೆದೆ. ಆ ರೀಲ್ಸ್ ಇನ್ನೂ ಓಡ್ತಾನೇ ಇದೆ, ಅದನ್ನ ತಿದ್ದೋಕೆ ನನ್ನ ಕೈಲಿ ಆಗ್ತಿಲ್ಲ.